ಮಂದಗತಿಯ ಮುಹೂರ್ತ

ಸರ್ಕಾರ ಗೊತ್ತುಮಾಡಿದ ಸಂಗೀತದಂತೆಯೇ ದಿನ ಕಳೆಯಬೇಕಾದ ಊರದು. ಅವತ್ತು ಪಿಯಾನೊ ಕಛೇರಿಯ ನಿಧಾನ ಭಾಗ: ಗತಿ ಮಂದ, ಶ್ರುತಿ ಅಳು ತರಿಸುವ ಮೈನರ್, ಭಾವ ಶೋಕ. ಪಂಚಾಂಗವನ್ನಷ್ಟೇ ನೋಡಿದ್ದ ಪುರೋಹಿತರು ಸುಗುಣಳ ಮದುವೆಯನ್ನು ಅವತ್ತೇ ಇಟ್ಟುಬಿಟ್ಟಿದ್ದರು. ನೆಂಟರು ಬಿಕ್ಕುತ್ತಾ ಪಾನಕ ಕುಡಿದರು. ತಾಳಿ ಹಿಡಿದ ವರನ ಕೈ ಬಸವನಹುಳುವಿನಂತೆ ತೆವಳುತ್ತಿತ್ತು.

"ಮುಹೂರ್ತ ಮೀರಿದರೆ ಈ ಸಂಬಂಧವೇ ಬೇಡ" ಎಂದು ವರನ ತಾಯಿ ನಿಯಮದಂತೆ ನಿಟ್ಟುಸಿರಿಟ್ಟರು.

ಮೆಚ್ಚಿದ ಹುಡುಗ ಕೈತಪ್ಪಿಬಿಡುತ್ತಾನೆ ಎಂದು ಸುಗುಣಳಿಗೆ ದಿಗಿಲಾಯಿತು. ಯಾರೂ ಗತಿ ಮೀರದಂತೆ ಬಾಗಿಲಲ್ಲಿ ಕಾವಲಿದ್ದ ಸರ್ಕಾರದ ಲಯಾಧಿಕಾರಿಯನ್ನು ಕರೆದಳು. "ಅಣ್ಣಾ, ನಾವೆಲ್ಲ ನಿಧಾನ. ಗೋಡೆ ಮೇಲಿನ ಆ ಗಡಿಯಾರ ಯಾರ ಅಪ್ಪಣೆ ಪಡೆದು ಓಡ್ತಿದೆ?"

ಅಧಿಕಾರಿ ಶೋಕದಿಂದಲೇ ಗಡಿಯಾರವನ್ನು ಬಂಧಿಸಿ ಕಂಕುಳಿಗೇರಿಸಿದ. ಪುರೋಹಿತರು ಬರಿಗೋಡೆ ನೋಡಿ, "ಮುಹೂರ್ತ ಇನ್ನೂ ಇದೆ" ಎಂದರು.

ಕೊನೆಗೂ ತಾಳಿ ಕೊರಳು ಮುಟ್ಟಿದಾಗ ಸುಗುಣ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿ ಕುಲುಕಿದಳು.

"ಎಷ್ಟು ಚೆಂದ ಅಳ್ತಾಳೆ ನಮ್ಮ ಸೊಸೆ" ಎಂದು ಅತ್ತೆ ಮೆಚ್ಚಿಕೊಂಡರು.