ಅವ್ವ ತಪ್ಪಾಗಿ ಹಾಡಿದ ಹಾಡು

ನೆನಪು ಹಂಚುವ ಜಾಲತಾಣದ ಹುಬ್ಬಳ್ಳಿ ಕಚೇರಿಯಲ್ಲಿ ಕಸ್ತೂರಿ ನೆನಪು ಸೆಳೆಯುವ ಯಂತ್ರದ ಪಟ್ಟಿಯನ್ನು ತಲೆಗೆ ಬಿಗಿಸಿಕೊಂಡು ಕುಳಿತಿದ್ದಳು. ಅವ್ವ ಹಪ್ಪಳ ಲಟ್ಟಿಸುತ್ತ, ಕಾಲಿನಿಂದ ತೊಟ್ಟಿಲು ತೂಗುತ್ತ ಹಾಡಿದ ಒಂದು ಮಧ್ಯಾಹ್ನದ ನೆನಪನ್ನು ತಂಗಿಗೆ ಕಳಿಸಬೇಕಿತ್ತು. ಆ ತೊಟ್ಟಿಲಲ್ಲಿದ್ದವಳು ತಂಗಿಯೇ. ಮರುತಿಂಗಳು ಅವ್ವ ತೀರಿಕೊಂಡಿದ್ದಳು.

“ಅಕ್ಕಾರ, ಇದು ಸಿನಿಮಾ ಹಾಡಲ್ಲೇನ್ರಿ?” ಎಂದ, ತಪಾಸಣೆಯ ಮಹಾಂತೇಶ. “ಕಂಪನಿ ಹಕ್ಕಿರೋ ಹಾಡು ನಮ್ಮ ತಾಣದಾಗ ಸಿಕ್ರ ಶಿಕ್ಷೆ ನಮಗ. ಯಂತ್ರ ಗುರ್ತ ಹಿಡೀತಂದ್ರ ನಿಮ್ಮ ತಲ್ಯಾಗಿಂದನೂ ಅಳಸಬೇಕಾಗ್ತದ. ಬ್ಯಾಡಂದ್ರ ಈಗ್ಲೇ ಎದ್ದು ಹೋಗ್ರಿ.”

ಅವಳ ಬಳಿ ಅವ್ವನ ದನಿ ಉಳಿದಿದ್ದುದು ಆ ನೆನಪೊಂದರಲ್ಲೇ. ಆದರೂ “ಅವ್ವನ ದನಿ ಹೆಂಗಿತ್ತಕ್ಕಾ?” ಎಂದು ತಂಗಿ ಕೇಳಿದಾಗಲೆಲ್ಲ ಅವಳಿಗೆ ಹೇಳಲು ಬಂದಿರಲಿಲ್ಲ. ಕಸ್ತೂರಿ ಕಣ್ಣು ಮುಚ್ಚಿದಳು. “ಹಚ್ರಿ,” ಎಂದಳು.

ಯಂತ್ರ ಬಹಳ ಹೊತ್ತು ಗುಂಯ್‌ಗುಟ್ಟಿತು. ಪರದೆ ನೋಡಿ ಮಹಾಂತೇಶ ನಕ್ಕುಬಿಟ್ಟ.

“ಇಂಥಾ ಹಾಡ ಇಲ್ಲಂತ್ರಿ! ನಿಮ್ಮವ್ವಾರು ರಾಗಾನೂ ತಪ್ಪ್ಯಾರ, ಮಾತೂ ತಪ್ಪ್ಯಾರ. ‘ಚಂದ್ರಮ್ಮ’ ಅನ್ನೋ ಕಡೆಗೆಲ್ಲ ‘ಚಿನ್ನವ್ವ’ ಅಂದಾರ.”

ಹಾಡು ಇರುವುದೇ ಹಾಗೆ ಎಂದು ಕಸ್ತೂರಿ ಇಷ್ಟು ವರ್ಷ ನಂಬಿದ್ದಳು. ಅವಳು ಕಣ್ಣೊರೆಸಿಕೊಂಡಳು.

“ಕಳಸ್ರಿ, ಅಣ್ಣಾರ,” ಎಂದಳು. “ಅವ್ವ ನನ್ನ ತಂಗೀನ್ನ ಕರೀತಿದ್ದ ಹೆಸರದು.”