ಮಹಡಿ ಮನೆಯವರ ಮೂಗು

ಒಗ್ಗರಣೆ ಚಟಪಟ ಅಂದದ್ದೇ ತಡ, ಮನೆ ಒಡತಿ ಚಿಕ್ಕಮಾದಮ್ಮ ಮಹಡಿಯಿಂದ ಇಳಿದು ಬಾಗಿಲಲ್ಲಿ ನಿಂತಿದ್ದಳು. ಇವತ್ತಿನ ನೆಪ ಮೊಸರಿನ ಹೆಪ್ಪು. ಕಣ್ಣು ಮಾತ್ರ ಅಡುಗೆಮನೆಯ ಕಡೆ.

"ಏನು ಕುದೀತಾ ಇದೆ ಇಂದ್ರಾಣಿ? ಮಸಾಲೆ ಹುರಿದ ಹಾಗಿದೆ."

"ಬದನೆಕಾಯಿ ಹುಳಿ ಅಮ್ಮ."

ಚಿಕ್ಕಮಾದಮ್ಮ ಮೂಗರಳಿಸಿ ಇನ್ನೊಮ್ಮೆ ಗಾಳಿ ಎಳೆದುಕೊಂಡಳು. ಬದನೆಕಾಯಿಯೇ. ಮುಖ ಸಣ್ಣಗಾಯಿತು. ಹೆಪ್ಪನ್ನು ಮರೆತು ಹೊರಟುಹೋದಳು.

ಒಂದು ಎಲುಬು ಸಿಕ್ಕರೆ ಸಾಕು, ನಮ್ಮನ್ನು ಹೊರಗೆ ಹಾಕುತ್ತಾಳೆ ಎಂದು ಇಂದ್ರಾಣಿ ಸಂಜೆ ಗಂಡನಿಗೆ ಹೇಳಿದಳು. ತಾಂಡ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ ನಟರಾಜ್ ಎದ್ದು ಕಿಟಕಿ ಮುಚ್ಚಿದ.

ನಂಜನಗೂಡಿನ ಆ ಬೀದಿಯಲ್ಲಿ ಯಾರೂ ಜಾತಿ ಕೇಳುವುದಿಲ್ಲ. ಅಷ್ಟು ಸುಧಾರಿಸಿದ್ದಾರೆ. ನೀವು ತಿನ್ನೋರಾ ಎಂದಷ್ಟೇ ಕೇಳುತ್ತಾರೆ. ನಟರಾಜ್ ಮೊದಮೊದಲು ನಿಜ ಹೇಳಿ ನೋಡಿದ್ದ. ನಿಜ ಹೇಳಿದ ಕಡೆಯೆಲ್ಲ ಖಾಲಿ ಮನೆ ಅದೇ ಗಳಿಗೆಯಲ್ಲಿ ಮಾಲೀಕರ ತಮ್ಮನ ಮಗನಿಗೆ ಬೇಕಾಗಿಬಿಡುತ್ತಿತ್ತು. ಮಗಳು ಕವನಳನ್ನು ಶಾಲೆಗೆ ಸೇರಿಸಿ ಆಗಿತ್ತು. ತಲೆಯ ಮೇಲೆ ಸೂರಿರಲಿಲ್ಲ. ಕೊನೆಗೆ ಚಿಕ್ಕಮಾದಮ್ಮನ ಗಂಡ ಸಿದ್ದಯ್ಯನ ಮುಂದೆ ಸುಳ್ಳು ಹೇಳಿದ. ಮೊಟ್ಟೆ? ಮುಟ್ಟಲ್ಲ ಸಾ. ಹಣೆಯ ತುಂಬ ವಿಭೂತಿ ಬಳಿದಿದ್ದ ಸಿದ್ದಯ್ಯ, ಈ ಬೀದಿಗೆ ಒಂದು ಮರ್ಯಾದೆ ಇದೆ ಎಂದು ಹೇಳಿ ಬೀಗದ ಕೈ ಕೊಟ್ಟ.

ಆ ಮರ್ಯಾದೆಗೆ ಎರಡು ವರ್ಷದಿಂದ ತೆತ್ತದ್ದು ಬಾಯಿರುಚಿ ಮಾತ್ರವಲ್ಲ. ಬುದ್ಧನ ಪಟ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಕವನ ತನಗೆ ವಾಂತಿಯಾಗುತ್ತದೆಂದು ಟೀಚರಿಗೆ ಸುಳ್ಳು ಹೇಳಿ ಬಾಳೆಹಣ್ಣು ತಿನ್ನುತ್ತಿದ್ದಳು. ಬೀದಿಯ ಮಕ್ಕಳು ಅದೇ ಶಾಲೆಯಲ್ಲಿದ್ದರಲ್ಲ. ಎಷ್ಟು ಶುದ್ಧದ ಜನ ಎಂದು ಬೀದಿ ಹೊಗಳಿತು. ಹೊಗಳಿಕೆ ಕೇಳಿ ಕೇಳಿ ಇಂದ್ರಾಣಿಗೆ ಒಮ್ಮೊಮ್ಮೆ ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಅದನ್ನು ನೆನೆದರೆ ಅವಳಿಗೇ ಹೇಸಿಗೆ.

ಸಿದ್ದಯ್ಯನ ಶಿಸ್ತಂತೂ ಬೀದಿಗೇ ಮಾದರಿ. ಭಾನುವಾರ ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಗದ್ದೆ ನೋಡಿಕೊಂಡು ಬರುತ್ತೇನೆಂದು ಬನ್ನೂರಿನ ಬಸ್ಸು ಹತ್ತುತ್ತಿದ್ದ. ಮಧ್ಯಾಹ್ನದ ಮೇಲೆ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಬಂದು, ಸಂಜೆಯವರೆಗೆ ಗೊರಕೆ. ಈ ವಯಸ್ಸಿನಲ್ಲೂ ಮಣ್ಣಿನ ಮೇಲೆ ಎಂಥ ಪ್ರೀತಿ ಎನ್ನುತ್ತಿದ್ದರು ಜನ.

ಹೀಗಿರುವಾಗ ತಿ. ನರಸೀಪುರದ ಕಡೆಯ ಹಳ್ಳಿಯಿಂದ ನಟರಾಜನ ತಾಯಿ ಪಾಪಮ್ಮ ಬಂದಳು. ಒಳಗೆ ಕಾಲಿಟ್ಟವಳೇ ಪಟ ಎಲ್ಲಿ ಎಂದು ಕೇಳಿದಳು. ಮಗ ಬೀರುವಿನ ಕಡೆ ನೋಡಿದ.

"ನಿಮ್ಮಪ್ಪ ಊರ ನಡುಬೀದೀಲಿ ತಲೆ ಎತ್ಕಂಡು ನಡೆದ ಕಣ್ಲಾ," ಎಂದಳು ಪಾಪಮ್ಮ. "ನೀನು ಬಾಡ್ಗೆ ಕೊಟ್ಟು ಬಾಯಿ ಒಲ್ಕಂಡಿದ್ದೀಯ."

ಆ ಭಾನುವಾರ ನಟರಾಜನಿಗೆ ಪಾಳಿ ಇತ್ತು. ಇಂದ್ರಾಣಿ ಮಗಳಿಗೆ ಚಪ್ಪಲಿ ಕೊಡಿಸಿಕೊಂಡು ಬರುತ್ತಿದ್ದಳು. ಬೀದಿಯ ತಿರುವಿನಲ್ಲೇ ವಾಸನೆ ಹಿಡಿಯಿತು. ಹುಣಸೆಹುಳಿ, ಹುರಿದ ಕಾಯಿ, ಮೀನು. ಮಗಳ ಕೈ ಹಿಡಿದು ಓಡಿದಳು.

ಮನೆಯ ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಒಲೆಯ ಮೇಲೆ ಸಾರು ಕೊತಕೊತ ಕುದಿಯುತ್ತಿತ್ತು. ಮೊಮ್ಮಗಳು ಸೊರಗಿದ್ದಾಳೆ, ಜಿಲೇಬಿ ಮೀನು ಸಿಕ್ಕಿತು, ತಂದುಬಿಟ್ಟೆ ಎಂದಳು ಪಾಪಮ್ಮ, ಸೌಟು ನೆಕ್ಕುತ್ತ. ಇಂದ್ರಾಣಿ ಕಿಟಕಿಗಳನ್ನು ದಬದಬ ಮುಚ್ಚಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ.

ಚಿಕ್ಕಮಾದಮ್ಮ ಒಳಗೆ ಬಂದಳು. ಈ ಸಲ ನೆಪವಿರಲಿಲ್ಲ. ತಾನೇ ಬಾಗಿಲು ಹಾಕಿ ಚಿಲಕ ಎಳೆದಳು.

ಇಂದ್ರಾಣಿ ತೊದಲಿದಳು. ಅತ್ತೆಗೆ ತಿಳಿಯದು, ಇನ್ನೊಮ್ಮೆ ಆಗುವುದಿಲ್ಲ, ಮಗಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಈಗ ಬಿಡಿಸಬೇಡಿ. ಚಿಕ್ಕಮಾದಮ್ಮನಿಗೆ ಅದ್ಯಾವುದೂ ಕೇಳಿಸಿದಂತಿರಲಿಲ್ಲ. ತಟ್ಟೆ ಎಳೆದುಕೊಂಡು ಒಲೆಕಟ್ಟೆಯ ಬುಡದಲ್ಲಿ ಚಕ್ಕಂಬಕ್ಕಲ ಹಾಕಿ ಕೂತಳು.

"ಆಕವ್ವ," ಎಂದಳು ಪಾಪಮ್ಮನಿಗೆ. "ತಲೆ ತುಂಡು ಆಕು."

ಅವಳು ತಿಂದ ಪರಿ ನೋಡಬೇಕಿತ್ತು. ಮುಳ್ಳನ್ನು ನಾಲಿಗೆಯಲ್ಲೇ ಬಿಡಿಸಿ ತುಟಿಯಂಚಿನಿಂದ ಹೊರಗಿಡುತ್ತಿದ್ದಳು. ನಡುವಯಸ್ಸಿನಲ್ಲಿ ಕಲಿತು ಬರುವ ವಿದ್ಯೆಯಲ್ಲ ಅದು. ತಿನ್ನುತ್ತಲೇ ಹೇಳಿದಳು: ತವರು ಹೊಳೆದಂಡೆ, ಈ ಬೀದಿಯಲ್ಲಿ ಮನೆ ಕಟ್ಟಿದ ಮೇಲೆ ಒಂದು ಮುಳ್ಳೂ ಒಳಗೆ ಬಂದಿಲ್ಲ, ಗಂಡ ವಿಭೂತಿ ಬಳಿದುಕೊಂಡದ್ದೂ ಇಲ್ಲಿಗೆ ಬಂದ ಮೇಲೆಯೇ.

"ಅವ್ರು ಬನ್ನೂರ್ಗೆ ಓಗಿ ಬಾಡೂಟ ಮಾಡ್ಕಂಡು ಬತ್ತಾರೆ. ನಾನೆಲ್ಲಿಗೆ ಓಗ್ಲವ್ವ? ನಿಮ್ಮನೇಲಾದ್ರೂ ಒಂದಿನ ಏನಾರ ಬೇಯ್ತದೆ ಅಂತ ಎರಡು ವರ್ಸದಿಂದ ಮೂಸ್ಕಂಡು ಕೂತಿವ್ನಿ."

ಪಾಪಮ್ಮ ನಕ್ಕು ಇನ್ನೊಂದು ತುಂಡು ಬಡಿಸಿದಳು. ಇಂದ್ರಾಣಿಗೆ ನಗುವೋ ಅಳುವೋ ತಿಳಿಯಲಿಲ್ಲ. ಮೇಲಿನವರಿಗೆ ಹೆದರಿ ಕೆಳಗಿನವರು, ಕೆಳಗಿನವರಿಗೆ ಹೆದರಿ ಮೇಲಿನವರು ಇಷ್ಟು ದಿನ ಬಾಯಿ ಕಟ್ಟಿದ್ದರು. ಇಂದ್ರಾಣಿ ಮೊದಲ ಸಲ ಚಿಕ್ಕಮಾದಮ್ಮನನ್ನು ಅಕ್ಕಾ ಎಂದು ಕರೆದು ನೀರು ಕೊಟ್ಟಳು. ಕವನ ಧೈರ್ಯವಾಗಿ ತಟ್ಟೆ ತಂದು ಪಕ್ಕದಲ್ಲಿ ಕೂತಳು. ಇವತ್ತೇ ಪಟವನ್ನು ಗೋಡೆಗೆ ಹಾಕಬೇಕೆಂದು ಇಂದ್ರಾಣಿ ಅಂದುಕೊಂಡಳು.

ಚಿಕ್ಕಮಾದಮ್ಮ ಎದ್ದಳು. ಸೋಪು ಹಾಕಿ ಕೈ ತೊಳೆದು, ಮೂಸಿ, ಮತ್ತೆ ತೊಳೆದಳು. ಬಾಯಿ ಒರೆಸಿ ಸೆರಗು ಸರಿಮಾಡಿಕೊಂಡಳು. ಚಿಲಕ ತೆಗೆದು ಹೊಸ್ತಿಲಾಚೆ ನಿಂತಾಗ ಅವಳ ಮಾತು ಮತ್ತೆ ಮಹಡಿ ಹತ್ತಿತ್ತು.

"ಮುಂದಿನ ತಿಂಗಳು ಮನೆ ಖಾಲಿ ಮಾಡಿಬಿಡಿ ಇಂದ್ರಾಣಿ. ನಿಮ್ಮಂಥವರನ್ನು ಇಟ್ಟುಕೊಂಡರೆ ಬೀದಿಯವರು ನಮ್ಮನ್ನು ಏನಂದುಕೊಂಡಾರು?"