ಹುಲ್ಲಿನ ಹೊರೆ ಕಟ್ಟಿದ ಮಧ್ಯಾಹ್ನ

ಬೈಯಪ್ಪನಹಳ್ಳಿ ಮೆಟ್ರೋ ಹತ್ತಿರ ಮೆಷಿನ್‌ನಲ್ಲಿ ಹುಲ್ಲು ಕತ್ತರಿಸುವಾಗ ಏಳುವ ವಾಸನೆಗೆ ನಾನು ಇಂದಿಗೂ ಒಂದು ಕ್ಷಣ ನಿಂತುಬಿಡುತ್ತೇನೆ.

ಕಗ್ಗದಾಸಪುರದಲ್ಲಿ ಅಜ್ಜಿಗೆ ಅರ್ಧ ಎಕರೆ ಇತ್ತು. ಎರಡು ಹಸುಗಳಿಗೆಂದು ಅದರಲ್ಲಿ ಹುಲ್ಲು ಬೆಳೆಸುತ್ತಿದ್ದಳು. ಎರಡನೇ ಹೆರಿಗೆಗೆ ತವರಿಗೆ ಬಂದಿದ್ದ ಅಮ್ಮನನ್ನು ಶಿವಾಜಿನಗರದ ಆಸ್ಪತ್ರೆಗೆ ಸೇರಿಸಿದರು. ಜೊತೆಗೆ ಹೊರಟಿದ್ದ ಅಜ್ಜಿ ತೆನೆ ಬಿಡುತ್ತಿದ್ದ ಹುಲ್ಲನ್ನು ಅಂಗೈಯಲ್ಲಿ ಹೊಸೆದು ನೋಡಿದಳು. "ಇನ್ನು ಬಿಟ್ರೆ ಬಲಿತು ಕಡ್ಡಿಯಾಗುತ್ತೆ. ಬಿಸಿಲಿರೋವಾಗ್ಲೇ ಕೊಯ್ದು, ಒಣಗಿಸಿ ಬರ್ತೀನಿ" ಅಂತ ಉಳಿದುಬಿಟ್ಟಳು.

ಹುಲ್ಲು ಗರಿಗರಿಯಾಗಿ ಒಣಗಿದ ಮಧ್ಯಾಹ್ನವೇ ಮೋಡ ಕವಿಯಿತು. ಅಜ್ಜಿಯೂ ಇನ್ನೂ ಶಾಲೆಗೆ ಸೇರಿರದ ನಾನೂ ಅವಸರದಲ್ಲಿ ಹೊರೆ ಕಟ್ಟುತ್ತಿದ್ದೆವು. ಆಸ್ಪತ್ರೆಯಿಂದ ಬಂದ ಮಾವ ಅಜ್ಜಿಯನ್ನು ಬದುವಿನ ಹತ್ತಿರ ಕರೆದು ಮೆಲ್ಲಗೆ ಏನೋ ಹೇಳಿದ. ಅಜ್ಜಿ ಅಲ್ಲೇ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಎದ್ದು ಬಂದು ಮತ್ತೆ ಹಗ್ಗ ಹಿಡಿದಳು.

"ಬಿಡವ್ವಾ, ಹುಲ್ಲು ನೆಂದ್ರೆ ನೆನೀಲಿ. ಮನೆಗೆ ಬಾ" ಎಂದ ಮಾವ.

"ಮಗು ಇನ್ನೊಂಚೂರು ಹೊತ್ತು ಆಡ್ಕೊಂಡಿರ್ಲಿ ಕಣೋ" ಎಂದಳು ಅಜ್ಜಿ, ನನ್ನ ಕಡೆ ನೋಡುತ್ತಾ.

ಅವಳು ಹಾಕಿದ ಗಂಟು ನಿಲ್ಲುತ್ತಲೇ ಇರಲಿಲ್ಲ. ನನಗೆ ನಗು ಬಂತು. ಹಗ್ಗದ ಒಂದು ತುದಿ ನಾನೇ ಹಿಡಿದುಕೊಂಡೆ. ಮಳೆ ಬೀಳುವ ಮುಂಚೆ ಎಲ್ಲ ಕಟ್ಟಿ ಮುಗಿಸಿ, ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದು ನಡೆಸಿಕೊಂಡು ಹೋದಳು. ಮನೆ ಮುಂದೆ ಜನವೋ ಜನ. ಅಮ್ಮ ಪಾಪುನ ಕರ್ಕೊಂಡು ಬಂದಿದ್ದಾಳೆ ಅಂತ ನಾನು ಕೈ ಬಿಡಿಸಿಕೊಂಡು ಓಡಿದೆ.